ಲೆನಿನ್‌ವಾದಿ, ಟ್ರಾಟ್‌ಸ್ಕಿವಾದಿ, ಮಾವೋವಾದಿ: ಜಗಳ ಇರುವುದು ಯಾವುದರ ಬಗ್ಗೆ?

ಎಡಪಕ್ಷಗಳ ಒಡಕನ್ನು ನಮ್ಮಲ್ಲಿ ಹೆಚ್ಚಿನವರು ಖಾರದ ಲೆಕ್ಕದಲ್ಲಿ ಅಳೆಯುತ್ತಾರೆ. ಸಿಪಿಐ ಸಪ್ಪೆ, ಸಿಪಿಎಂ ನಡುಮಧ್ಯೆ, ನಕ್ಸಲರು ಪೂರ್ತಿ ಖಾರ. ಈ ಪಕ್ಷಗಳ ಕಾರ್ಯಕ್ರಮಗಳನ್ನು ತೆರೆದು ಕೂತರೆ ಈ ಅಳತೆ ತಕ್ಷಣ ಕೈಕೊಡುತ್ತದೆ. ಬಂದೂಕು ಹಿಡಿದ ಮಾವೋವಾದಿಗಳ ಕಾರ್ಯಕ್ರಮದಲ್ಲಿ ಬಂಡವಾಳಗಾರರ ಒಂದು ಭಾಗದ ಜೊತೆ ಮೈತ್ರಿಗೆ ಜಾಗವಿದೆ. ಚುನಾವಣೆಗೆ ನಿಲ್ಲುವ ಇನ್ನೊಂದು ಸಣ್ಣ ಎಡಪಕ್ಷ ಎಸ್‌ಯುಸಿಐ ಪ್ರಕಾರ ಭಾರತ ಆಗಲೇ ಬಂಡವಾಳಶಾಹಿ ದೇಶ, ಆಗಬೇಕಾದ್ದು ನೇರ ಸಮಾಜವಾದಿ ಕ್ರಾಂತಿ, ಆದ್ದರಿಂದ ಅಂಥ ಮೈತ್ರಿಯ ಮಾತೇ ಇಲ್ಲ. ಹಾಗಾದರೆ ಯಾರು ಹೆಚ್ಚು ಉಗ್ರರು? ಪ್ರಶ್ನೆಯೇ ತಪ್ಪು.

ಇಲ್ಲಿ ಕಾರ್ಯಕ್ರಮ ಅಂದರೆ ಚುನಾವಣಾ ಪ್ರಣಾಳಿಕೆಯಲ್ಲ. ಈ ದೇಶದ ಸಮಾಜ ಎಂಥದ್ದು, ಪ್ರಭುತ್ವ ಯಾವ ವರ್ಗದ ಕೈಯಲ್ಲಿದೆ, ಮುಂದೆ ಬರಬೇಕಾದ ಕ್ರಾಂತಿ ಯಾವ ಬಗೆಯದು, ಅದಕ್ಕೆ ಮುಂದಾಳು ಯಾರು, ಜೊತೆಗಾರರು ಯಾರು ಎಂದು ಪಕ್ಷ ಹಲವು ದಶಕಗಳಿಗಾಗಿ ಬರೆದಿಟ್ಟುಕೊಳ್ಳುವ ದಾಖಲೆ. ಮಾರ್ಕ್ಸ್‌ವಾದದ ಕವಲುಗಳೆಲ್ಲ ಒಡೆದಿರುವುದು ಈ ನಾಲ್ಕೈದು ಸಾಲುಗಳ ಮೇಲೆ. ಅದರಲ್ಲೂ ಮುಖ್ಯವಾದದ್ದು ಕ್ರಾಂತಿಯ ಹಂತ ಯಾವುದು ಎಂಬ ಪ್ರಶ್ನೆ. ಬಂದೂಕೋ ಮತಪೆಟ್ಟಿಗೆಯೋ ಎಂಬುದು ಅದರ ನಂತರದ್ದು.

ಮಾರ್ಕ್ಸ್ ಖಾಲಿ ಬಿಟ್ಟ ಜಾಗ

ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರಲ್ಲಿ ಕಮ್ಯುನಿಸ್ಟ್ ಪ್ರಣಾಳಿಕೆ ಬರೆದಾಗ ಅವರ ಕಣ್ಣೆದುರು ಇದ್ದದ್ದು ಪಶ್ಚಿಮ ಯುರೋಪು. ಬಂಡವಾಳಶಾಹಿ ಬೆಳೆದಷ್ಟೂ ಕಾರ್ಮಿಕ ವರ್ಗ ಬೆಳೆಯುತ್ತದೆ, ಬಿಕ್ಕಟ್ಟುಗಳು ಹಿಗ್ಗುತ್ತವೆ, ಕೊನೆಗೆ ಅಧಿಕಾರ ಕಾರ್ಮಿಕರ ಕೈಗೆ ಬರುತ್ತದೆ ಎಂಬುದು ಅಲ್ಲಿನ ಚಿತ್ರ. 1871ರಲ್ಲಿ ಕಾರ್ಮಿಕರು ನಗರದ ಆಡಳಿತ ಕೈಗೆತ್ತಿಕೊಂಡ ಪ್ಯಾರಿಸ್ ಕಮ್ಯೂನ್ 72 ದಿನ ಬದುಕಿ ರಕ್ತದಲ್ಲಿ ಮುಳುಗಿತು. ಅದರಿಂದ ಅವರು ಕಲಿತ ಪಾಠವನ್ನು ಪ್ರಣಾಳಿಕೆಯ 1872ರ ಮುನ್ನುಡಿಯಲ್ಲಿ ಸೇರಿಸಿದರು: ಸಿದ್ಧವಾಗಿರುವ ಸರ್ಕಾರಿ ಯಂತ್ರವನ್ನು ಹಾಗೆಯೇ ಕೈಗೆತ್ತಿಕೊಂಡು ಕಾರ್ಮಿಕ ವರ್ಗ ತನ್ನ ಕೆಲಸಕ್ಕೆ ಬಳಸಲಾಗದು.

ಆದರೆ ಕಾರ್ಮಿಕರೇ ಕಡಿಮೆ ಇರುವ, ರೈತರೇ ತುಂಬಿರುವ ದೇಶದ ಗತಿ ಏನು? 1881ರಲ್ಲಿ ರಷ್ಯಾದ ವೆರಾ ಜಾಸುಲಿಚ್ ಇದನ್ನೇ ಮಾರ್ಕ್ಸ್‌ಗೆ ಪತ್ರ ಬರೆದು ಕೇಳಿದರು. ನಮ್ಮ ಹಳ್ಳಿಗಳ ಸಾಮೂಹಿಕ ಭೂಒಡೆತನ ಬಂಡವಾಳಶಾಹಿಯ ಬಾಯಿಗೆ ಬಿದ್ದು ನಾಶವಾಗಲೇಬೇಕೇ? ಮಾರ್ಕ್ಸ್ ಹಲವು ಕರಡು ಗೀಚಿ, ಕೊನೆಗೆ ಕಳಿಸಿದ್ದು ಪುಟ್ಟ ಉತ್ತರ. ತಾನು ಹೇಳಿದ ಅನಿವಾರ್ಯತೆ ಪಶ್ಚಿಮ ಯುರೋಪಿಗೆ ಮಾತ್ರ ಸೀಮಿತ ಎಂದರು. ಮರುವರ್ಷ ಪ್ರಣಾಳಿಕೆಯ ರಷ್ಯನ್ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ, ರಷ್ಯಾದ ಕ್ರಾಂತಿ ಪಶ್ಚಿಮದ ಕಾರ್ಮಿಕ ಕ್ರಾಂತಿಗೆ ಕಿಡಿಯಾದರೆ ಆ ಸಾಮೂಹಿಕ ಒಡೆತನವೇ ಕಮ್ಯುನಿಸಂಗೆ ಆರಂಭದ ನೆಲೆಯಾಗಬಹುದು ಎಂಬ ಸಾಲು ಬಂತು. ಬಾಗಿಲು ಅರ್ಧ ತೆರೆದೇ ಉಳಿಯಿತು. ಇಪ್ಪತ್ತನೇ ಶತಮಾನದ ಮುಖ್ಯ ಜಗಳಗಳೆಲ್ಲ ಆ ಸಂದಿಯಲ್ಲೇ ನಡೆದವು.

ಜರ್ಮನಿಯ ವಾದ ಬೇರೆ. ಅಲ್ಲಿ ಮಾರ್ಕ್ಸ್‌ವಾದಿಗಳ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ದೊಡ್ಡದು, ಕಾನೂನುಬದ್ಧ. 1912ರ ಚುನಾವಣೆಯಲ್ಲಿ 110 ಸ್ಥಾನ ಗೆದ್ದು ಸಂಸತ್ತಿನ ಅತಿ ದೊಡ್ಡ ಪಕ್ಷವೇ ಆಯಿತು. ಬಂಡವಾಳಶಾಹಿ ಕುಸಿಯುತ್ತಿಲ್ಲ, ಹೊಂದಿಕೊಳ್ಳುತ್ತಿದೆ, ಆದ್ದರಿಂದ ಸುಧಾರಣೆಗಳ ಮೂಲಕವೇ ಸಮಾಜವಾದ ಎಂದು ಆ ಪಕ್ಷದ ಚಿಂತಕ ಬರ್ನ್‌ಸ್ಟೈನ್ 1890ರ ದಶಕದ ಕೊನೆಯಲ್ಲಿ ಹೇಳಿದರು. ಸುಧಾರಣೆಯ ದಾರಿ ಹಿಡಿದವರು ಅದೇ ಗುರಿಗೆ ನಿಧಾನವಾಗಿ ಹೋಗುತ್ತಿಲ್ಲ, ಅವರ ಗುರಿಯೇ ಬೇರೆ ಎಂದು ಅದೇ ಪಕ್ಷದ ರೋಸಾ ಲಕ್ಸೆಂಬರ್ಗ್ ತಿರುಗೇಟು ಕೊಟ್ಟರು. 1914ರ ಆಗಸ್ಟ್ 4ರಂದು ಆ ಪಕ್ಷದ ಸಂಸದರು ಕೈಸರನ ಯುದ್ಧ ಸಾಲಕ್ಕೆ ಮತ ಹಾಕಿದಾಗ ವಾದ ಮುಗಿದು ಒಡಕು ಶುರುವಾಯಿತು. ಇವತ್ತು ಸೋಷಿಯಲ್ ಡೆಮಾಕ್ರಸಿ ಎನ್ನುವುದು ಬರ್ನ್‌ಸ್ಟೈನ್ ಕಡೆಯ ಕವಲು.

ಸದಸ್ಯ ಯಾರು?

1903ರಲ್ಲಿ ರಷ್ಯಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಎರಡನೇ ಮಹಾಧಿವೇಶನ ಬ್ರಸೆಲ್ಸ್‌ನಲ್ಲಿ ಶುರುವಾಗಿ, ಪೊಲೀಸರ ಕಾಟಕ್ಕೆ ಲಂಡನ್ನಿಗೆ ಹೋಯಿತು. ಅಲ್ಲಿ ನಿಯಮಾವಳಿಯ ಮೊದಲ ಕಲಂ ಮೇಲೆ ಜಗಳ. ಪಕ್ಷದ ಒಂದು ಘಟಕದಲ್ಲಿ ಖುದ್ದು ಪಾಲ್ಗೊಳ್ಳುವವನು ಸದಸ್ಯ ಎಂದು ಲೆನಿನ್ ಕರಡು. ಒಂದು ಘಟಕದ ನಿರ್ದೇಶನದಲ್ಲಿ ನಿಯಮಿತವಾಗಿ ನೆರವಾಗುವವನೂ ಸದಸ್ಯ ಎಂದು ಮಾರ್ತೋವ್ ಕರಡು. ಹೊರಗಿನವರಿಗೆ ಕೂದಲು ಸೀಳಿದಂತೆ ಕಾಣುವ ಈ ವ್ಯತ್ಯಾಸದಲ್ಲಿ ಎರಡು ಬೇರೆ ಬೇರೆ ಪಕ್ಷಗಳು ಅಡಗಿದ್ದವು. ಲೆನಿನ್‌ಗೆ ಬೇಕಾದದ್ದು ರಷ್ಯಾದ ಚಕ್ರವರ್ತಿ ತ್ಸಾರನ ಪೊಲೀಸರ ಕಣ್ಣು ತಪ್ಪಿಸಿ ಕೆಲಸ ಮಾಡಬಲ್ಲ, ಶಿಸ್ತಿಗೆ ಒಳಪಟ್ಟ ಬಿಗಿ ಪಕ್ಷ. ಮಾರ್ತೋವ್‌ಗೆ ಬೇಕಾದದ್ದು ಮುಷ್ಕರ ಹೂಡಿದ ಪ್ರತಿ ಕಾರ್ಮಿಕನೂ ನನ್ನದು ಎನ್ನಬಹುದಾದ ವಿಶಾಲ ಪಕ್ಷ.

ತಮಾಷೆ ಏನೆಂದರೆ ಆ ಕಲಂ ಮೇಲಿನ ಮತದಾನದಲ್ಲಿ ಸೋತದ್ದು ಲೆನಿನ್: 28ಕ್ಕೆ 22. ಆಮೇಲೆ ಯಹೂದಿ ಕಾರ್ಮಿಕರ ಬಂಡ್ ಸಂಘಟನೆಯ ಐವರು ಮತ್ತು ಇನ್ನಿಬ್ಬರು ಬೇರೆ ಕಾರಣಗಳಿಗಾಗಿ ಸಭೆ ಬಿಟ್ಟು ನಡೆದರು. ಉಳಿದವರಲ್ಲಿ ಲೆನಿನ್ ಕಡೆ ಹೆಚ್ಚಾಗಿ, ಪಕ್ಷದ ಪತ್ರಿಕೆಯ ಸಂಪಾದಕ ಮಂಡಳಿ ಅವರು ಹೇಳಿದಂತೆ ಮೂವರಿಗೆ ಇಳಿಯಿತು. ಬಹುಮತದವರು ಎಂಬರ್ಥದ ಬೊಲ್ಶೆವಿಕ್ ಹೆಸರು ಬಂದದ್ದು ಹೀಗೆ. ಮಾರ್ತೋವ್ ಕಡೆಯವರು ಮೆನ್ಶೆವಿಕರು, ಅಲ್ಪಮತದವರು.

ಬಿಗಿ ಪಕ್ಷದ ಅಪಾಯ ಏನೆಂದು ರಷ್ಯಾದ ಇನ್ನೊಬ್ಬ ಕ್ರಾಂತಿಕಾರಿ ಟ್ರಾಟ್‌ಸ್ಕಿ 1904ರಲ್ಲೇ ಬರೆದಿದ್ದರು: ಪಕ್ಷದ ಜಾಗದಲ್ಲಿ ಸಂಘಟನೆ, ಸಂಘಟನೆಯ ಜಾಗದಲ್ಲಿ ಕೇಂದ್ರ ಸಮಿತಿ, ಕೊನೆಗೆ ಕೇಂದ್ರ ಸಮಿತಿಯ ಜಾಗದಲ್ಲಿ ಒಬ್ಬ ಸರ್ವಾಧಿಕಾರಿ. 1917ರಲ್ಲಿ ಅವರೇ ಆ ಪಕ್ಷ ಸೇರಿದರು ಎಂಬುದು ಬೇರೆ ಮಾತು. 1921ರ ಮಾರ್ಚ್‌ನಲ್ಲಿ ಹತ್ತನೇ ಮಹಾಧಿವೇಶನ ಪಕ್ಷದೊಳಗಿನ ಬಣಗಳನ್ನು ನಿಷೇಧಿಸಿತು. ಅಂತರ್ಯುದ್ಧದ ಬಳಲಿಕೆ, ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರ ದಂಗೆ, ಎಲ್ಲ ಸೇರಿ ತುರ್ತಿಗೆಂದು ತಂದ ನಿಯಮ ಅದು. ತುರ್ತು ಮುಗಿದರೂ ನಿಯಮ ಉಳಿಯಿತು. ಕಮ್ಯುನಿಸ್ಟ್ ಪಕ್ಷಗಳು ಇಷ್ಟೊಂದು ಒಡೆಯುವುದೇಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಚರ್ಚೆ ಒಳಗೆ, ತೀರ್ಮಾನವಾದ ಮೇಲೆ ಎಲ್ಲರೂ ಒಂದೇ ದನಿ ಎಂಬ ಪ್ರಜಾಸತ್ತಾತ್ಮಕ ಕೇಂದ್ರೀಕರಣದಲ್ಲಿ, ಸೋತ ಬಣ ಬಣವಾಗಿ ಉಳಿಯುವಂತಿಲ್ಲ. ಬಾಯಿ ಮುಚ್ಚಬೇಕು, ಇಲ್ಲವೇ ಹೊಸ ಪಕ್ಷ ಕಟ್ಟಬೇಕು. (ಬಣಗಳಿಗೆ ಹಕ್ಕು ಕೊಟ್ಟ ಟ್ರಾಟ್‌ಸ್ಕಿವಾದಿಗಳು ಇನ್ನೂ ಹೆಚ್ಚು ಒಡೆದರು. ಹಾಗಾಗಿ ಅರ್ಧ ಉತ್ತರ ಮಾತ್ರ.)

1905ರ ಪ್ರಶ್ನೆಗೆ ಮೂರು ಉತ್ತರ

ಕವಲುಗಳನ್ನು ಅರ್ಥಮಾಡಿಕೊಳ್ಳಲು ಒಂದೇ ವಾದ ಓದಲು ಸಮಯವಿದ್ದರೆ ಇದನ್ನು ಓದಬೇಕು. 1905ರ ರಷ್ಯಾದಲ್ಲಿ ತ್ಸಾರ್ ಇದ್ದಾನೆ, ಜಮೀನ್ದಾರರಿದ್ದಾರೆ, ಸಂಸತ್ತಿಲ್ಲ, ರೈತನಿಗೆ ಭೂಮಿಯಿಲ್ಲ. ಮೊದಲು ಆಗಬೇಕಾದ್ದು ಫ್ರಾನ್ಸಿನ 1789ರ ಬಗೆಯ ಬೂರ್ಜ್ವಾ, ಅಂದರೆ ಬಂಡವಾಳಗಾರ ವರ್ಗದ, ಪ್ರಜಾಸತ್ತಾತ್ಮಕ ಕ್ರಾಂತಿ ಎಂಬುದರಲ್ಲಿ ಬಹುತೇಕ ಎಲ್ಲರಿಗೂ ಒಪ್ಪಿಗೆ. ಅದನ್ನು ಮಾಡುವವರು ಯಾರು?

ಮೆನ್ಶೆವಿಕರು ಹೇಳಿದರು: ಬೂರ್ಜ್ವಾ ಕ್ರಾಂತಿಗೆ ಬೂರ್ಜ್ವಾ ವರ್ಗವೇ ಮುಂದಾಳು. ಕಾರ್ಮಿಕರು ಅದನ್ನು ಹಿಂದಿನಿಂದ ಒತ್ತಬೇಕು, ಹೆದರಿಸಬಾರದು, ಅಧಿಕಾರ ಹಿಡಿಯಬಾರದು. ಬಂಡವಾಳಶಾಹಿ ಬೆಳೆದ ಮೇಲೆ ನಮ್ಮ ಸರದಿ.

ಲೆನಿನ್ ಹೇಳಿದರು: ಕ್ರಾಂತಿ ಬೂರ್ಜ್ವಾ ಸ್ವರೂಪದ್ದೇ, ಆದರೆ ರಷ್ಯಾದ ಬಂಡವಾಳಗಾರ ಕಾರ್ಮಿಕನಿಗೆ ತ್ಸಾರನಿಗಿಂತ ಹೆಚ್ಚು ಹೆದರುತ್ತಾನೆ, ಅರ್ಧದಾರಿಯಲ್ಲಿ ರಾಜಿಯಾಗುತ್ತಾನೆ. ಆದ್ದರಿಂದ ಮುಂದಾಳತ್ವ ಕಾರ್ಮಿಕ ಮತ್ತು ರೈತರ ಕೂಟದ್ದು. ಅಧಿಕಾರ ಹಿಡಿದು ಜಮೀನ್ದಾರಿಕೆಯನ್ನು ಬುಡಸಮೇತ ಕೀಳಬೇಕು, ಆದರೆ ಸದ್ಯಕ್ಕೆ ಬಂಡವಾಳಶಾಹಿಯ ಗಡಿ ದಾಟುವಂತಿಲ್ಲ.

ಟ್ರಾಟ್‌ಸ್ಕಿ ಹೇಳಿದರು: ಆ ಗಡಿಯಲ್ಲಿ ನಿಲ್ಲಲು ಸಾಧ್ಯವೇ ಇಲ್ಲ. ಅವರದೇ ಉದಾಹರಣೆ ತೆಗೆದುಕೊಳ್ಳಿ. ಕಾರ್ಮಿಕರ ಸರ್ಕಾರ ಬಂತು, ದಿನಕ್ಕೆ ಎಂಟು ಗಂಟೆ ಕೆಲಸ ಎಂದು ಕಾನೂನು ಮಾಡಿತು. ಇದು ಸಮಾಜವಾದವಲ್ಲ, ಸಾದಾ ಪ್ರಜಾಸತ್ತಾತ್ಮಕ ಬೇಡಿಕೆ. ಮಾಲೀಕರು ಒಟ್ಟಾಗಿ ಕಾರ್ಖಾನೆಗಳಿಗೆ ಬೀಗ ಹಾಕುತ್ತಾರೆ. ಈಗ ಸರ್ಕಾರದ ಮುಂದೆ ಇರುವುದು ಎರಡೇ ದಾರಿ: ಕಾನೂನು ಹಿಂದಕ್ಕೆ ಪಡೆಯಬೇಕು, ಇಲ್ಲವೇ ಬೀಗ ಒಡೆದು ಕಾರ್ಖಾನೆಗಳನ್ನು ತಾನೇ ನಡೆಸಬೇಕು. ಎರಡನೆಯದನ್ನು ಮಾಡಿದ ಗಳಿಗೆ ಸಮಾಜವಾದಿ ಕ್ರಾಂತಿ ಶುರುವಾಯಿತು. ಇದೇ ನಿರಂತರ ಕ್ರಾಂತಿಯ ಸಿದ್ಧಾಂತ. ಇದಕ್ಕೊಂದು ಷರತ್ತೂ ಇದೆ: ರೈತರೇ ಬಹುಸಂಖ್ಯಾತರಾದ ಬಡ ದೇಶದಲ್ಲಿ ಇಂಥ ಸರ್ಕಾರ ಒಂಟಿಯಾಗಿ ಬಹುಕಾಲ ಬದುಕದು, ಪಶ್ಚಿಮ ಯುರೋಪಿನಲ್ಲೂ ಕ್ರಾಂತಿಯಾಗಬೇಕು.

1917ರ ಏಪ್ರಿಲ್‌ನಲ್ಲಿ ಪೆಟ್ರೋಗ್ರಾಡಿಗೆ ಮರಳಿದ ಲೆನಿನ್ ತಮ್ಮ ಹಳೆಯ ಸೂತ್ರಕ್ಕೆ ಕಾಲ ಮೀರಿತು ಎಂದರು. ತ್ಸಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರಕ್ಕೆ ಬೆಂಬಲವಿಲ್ಲ, ಎಲ್ಲ ಅಧಿಕಾರವೂ ಕಾರ್ಮಿಕರ, ಸೈನಿಕರ ಕೌನ್ಸಿಲುಗಳಾದ ಸೋವಿಯತ್ತುಗಳಿಗೆ. ಅವರದೇ ಪಕ್ಷದ ಪೆಟ್ರೋಗ್ರಾಡ್ ಸಮಿತಿ ಇದನ್ನು 13ಕ್ಕೆ 2 ಮತಗಳಿಂದ ತಿರಸ್ಕರಿಸಿತು. ಕೆಲವೇ ವಾರಗಳಲ್ಲಿ ಅವರು ಪಕ್ಷವನ್ನು ತಮ್ಮ ಕಡೆ ತಿರುಗಿಸಿದರು. ಇಲ್ಲಿ ಲೆನಿನ್ ಟ್ರಾಟ್‌ಸ್ಕಿಯ ನಿಲುವಿಗೆ ಬಂದರು ಎಂದು ಟ್ರಾಟ್‌ಸ್ಕಿವಾದಿಗಳು, ತಮ್ಮದೇ ಸೂತ್ರವನ್ನು ಬೆಳೆಸಿದರು ಎಂದು ಉಳಿದವರು ಇವತ್ತಿಗೂ ವಾದಿಸುತ್ತಾರೆ. ಆಚರಣೆಯಲ್ಲಿ ಮಾತ್ರ ಇಬ್ಬರೂ ಒಂದೇ ಜಾಗಕ್ಕೆ ಬಂದು ನಿಂತಿದ್ದರು.

ಪಶ್ಚಿಮದ ಕ್ರಾಂತಿ ಬರಲಿಲ್ಲ. ಷರತ್ತು ಈಡೇರದಿದ್ದಾಗ ಏನು ಮಾಡುವುದು? ಒಂದೇ ದೇಶದಲ್ಲೂ ಸಮಾಜವಾದ ಕಟ್ಟಬಹುದು ಎಂದು 1924ರ ಕೊನೆಯಲ್ಲಿ ಸ್ಟಾಲಿನ್ ಹೇಳಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಬೇರೆ ದೇಶಗಳ ಪಾಲಿಗೆ ಅದರ ಪರಿಣಾಮ ದೊಡ್ಡದು. ಸೋವಿಯತ್ ಒಕ್ಕೂಟ ಉಳಿಯುವುದೇ ಮೊದಲ ಕೆಲಸವಾದರೆ, ಉಳಿದ ಪಕ್ಷಗಳ ಮೈತ್ರಿಗಳು ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಚೀನಾದ ಕಮ್ಯುನಿಸ್ಟರು ರಾಷ್ಟ್ರೀಯವಾದಿ ಪಕ್ಷವಾದ ಕೊಮಿಂಟಾಂಗ್ ಒಳಗೇ ಇರಬೇಕು, ಈಗಿನದು ಬೂರ್ಜ್ವಾ ಹಂತ ಎಂದು ಕಾಮಿಂಟರ್ನ್, ಅಂದರೆ ಮಾಸ್ಕೋದಲ್ಲಿದ್ದ ಕಮ್ಯುನಿಸ್ಟ್ ಪಕ್ಷಗಳ ಜಾಗತಿಕ ಸಂಘಟನೆ, ಒತ್ತಾಯಿಸಿತು. 1927ರ ಏಪ್ರಿಲ್ 12ರಂದು ಕೊಮಿಂಟಾಂಗ್‌ನ ನಾಯಕ ಚಿಯಾಂಗ್ ಕೈ ಶೇಕ್ ಶಾಂಘಾಯಿಯಲ್ಲಿ ಅವರ ಕಗ್ಗೊಲೆ ಶುರುಮಾಡಿದ. ಟ್ರಾಟ್‌ಸ್ಕಿವಾದಿಗಳು ಎರಡು ಹಂತದ ಸಿದ್ಧಾಂತದ ಹೆಸರೆತ್ತಿದರೆ ಸಾಕು ಸಿಡಿಯುವುದು ಈ ನೆನಪಿಗೆ. 1938ರಲ್ಲಿ ಅವರು ಪ್ಯಾರಿಸ್ ಬಳಿ ನಾಲ್ಕನೇ ಇಂಟರ್‌ನ್ಯಾಷನಲ್ ಎಂಬ ತಮ್ಮದೇ ಜಾಗತಿಕ ಸಂಘಟನೆ ಕಟ್ಟಿದರು. ಸೋವಿಯತ್ ಒಕ್ಕೂಟ ಹದಗೆಟ್ಟ ಕಾರ್ಮಿಕ ಪ್ರಭುತ್ವ, ಅಲ್ಲಿ ಬೇಕಾದ್ದು ಅಧಿಕಾರಶಾಹಿಯನ್ನು ಇಳಿಸುವ ರಾಜಕೀಯ ಕ್ರಾಂತಿ ಎಂಬುದು ಅವರ ನಿಲುವು. ಅಲ್ಲ, ಅದು ಸರ್ಕಾರಿ ಬಂಡವಾಳಶಾಹಿ ಎಂದ ಟೋನಿ ಕ್ಲಿಫ್ ಬೇರೆ ಕವಲಾದರು.

ಮಾವೋ: ಅದೇ ಸೋಲು, ಬೇರೆ ಪಾಠ

ಶಾಂಘಾಯಿಯಿಂದ ಮಾವೋ ಕಲಿತದ್ದು ಮೈತ್ರಿಯೇ ತಪ್ಪು ಎಂದಲ್ಲ, ಸ್ವಂತ ಸೈನ್ಯವಿಲ್ಲದ ಮೈತ್ರಿ ತಪ್ಪು ಎಂದು. 1940ರಲ್ಲಿ ಅವರು ರೂಪಿಸಿದ ನವ ಪ್ರಜಾಸತ್ತೆ ಎರಡು ಹಂತದ ಸಿದ್ಧಾಂತವೇ: ಕಾರ್ಮಿಕರು, ರೈತರು, ಸಣ್ಣ ಬೂರ್ಜ್ವಾಗಳು, ರಾಷ್ಟ್ರೀಯ ಬಂಡವಾಳಗಾರರು ಎಂಬ ನಾಲ್ಕು ವರ್ಗಗಳ ಕೂಟ, ಅದಕ್ಕೆ ಕಮ್ಯುನಿಸ್ಟ್ ಪಕ್ಷದ ಮುಂದಾಳತ್ವ. ಶತ್ರುಗಳು ಸಾಮ್ರಾಜ್ಯಶಾಹಿ, ಜಮೀನ್ದಾರರು ಮತ್ತು ವಿದೇಶಿ ಬಂಡವಾಳಕ್ಕೆ ಅಂಟಿಕೊಂಡ ದಲ್ಲಾಳಿ ಬಂಡವಾಳಗಾರರು. ಬಂಡವಾಳಗಾರರನ್ನು ರಾಷ್ಟ್ರೀಯ ಮತ್ತು ದಲ್ಲಾಳಿ ಎಂದು ಎರಡಾಗಿ ಸೀಳಿದ್ದೇ ಈ ಕವಲಿನ ಜೀವಾಳ.

ಯುದ್ಧದ ವಿಧಾನವನ್ನು ಅವರು 1938ರಲ್ಲಿ ಮೂರು ಘಟ್ಟವಾಗಿ ವಿವರಿಸಿದರು. ಮೊದಲು ಶತ್ರು ಮುನ್ನುಗ್ಗುವಾಗ ರಕ್ಷಣೆ, ನಂತರ ಎರಡೂ ಕಡೆ ಸಮಬಲದ ಬಹುಕಾಲದ ಎಳೆದಾಟ, ಕೊನೆಗೆ ಪ್ರತಿದಾಳಿ. ಹಳ್ಳಿಗಳಲ್ಲಿ ನೆಲೆ ಕಟ್ಟಿ ನಗರಗಳನ್ನು ಸುತ್ತುವರಿಯುವುದು. ಇದನ್ನು ನಕಲು ಮಾಡಹೊರಟವರು ಸಾಮಾನ್ಯವಾಗಿ ಮರೆಯುವುದು ಮಾವೋ 1928ರಲ್ಲೇ ಬರೆದ ಷರತ್ತುಗಳನ್ನು. ಸುತ್ತ ಶತ್ರುಗಳ ಬಿಳಿ ಸೈನ್ಯವಿದ್ದರೂ ಚೀನಾದಲ್ಲಿ ಕೆಂಪು ನೆಲೆ ಬದುಕಲು ಕಾರಣ, ಆಳುವವರು ತಮ್ಮತಮ್ಮಲ್ಲೇ ಕಾದಾಡುವ ಯುದ್ಧಪ್ರಭುಗಳಾಗಿ ಒಡೆದಿದ್ದರು. ಹಳ್ಳಿಯ ಆರ್ಥಿಕತೆ ಒಂದೇ ರಾಷ್ಟ್ರೀಯ ಮಾರುಕಟ್ಟೆಗೆ ಹೊಲಿದುಹೋಗಿರಲಿಲ್ಲ. ಜೊತೆಗೆ ಸಾಕಷ್ಟು ಬಲದ ಕೆಂಪು ಸೈನ್ಯವಿತ್ತು. ಇವಿಲ್ಲದ ಕಡೆ ನೆಲೆ ನೆಲೆಯಾಗುವುದಿಲ್ಲ, ಅಡಗುತಾಣವಾಗುತ್ತದೆ.

ಮಾವೋ ಸೇರಿಸಿದ ಇನ್ನೊಂದು ಮಾತು ಅಧಿಕಾರಕ್ಕೆ ಬಂದ ನಂತರದ್ದು. ಸಮಾಜವಾದದಲ್ಲೂ ವರ್ಗಸಂಘರ್ಷ ಮುಗಿಯುವುದಿಲ್ಲ, ಹೊಸ ಬೂರ್ಜ್ವಾಗಳು ಪಕ್ಷದೊಳಗೇ ಹುಟ್ಟುತ್ತಾರೆ. 1966ರ ಸಾಂಸ್ಕೃತಿಕ ಕ್ರಾಂತಿಗೆ ಕೊಟ್ಟ ಸಮರ್ಥನೆ ಇದೇ. ಅದು ಕೊಂಡುಹೋದ ಜೀವಗಳನ್ನೂ ಒಂದು ಪೀಳಿಗೆಯ ಓದನ್ನೂ ಈ ಸಿದ್ಧಾಂತದ ಲೆಕ್ಕದಿಂದ ಹೊರಗಿಡಲಾಗದು. 1956ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಸ್ಟಾಲಿನ್‌ರನ್ನು ಖಂಡಿಸಿ, ಕೆಲವು ದೇಶಗಳಲ್ಲಿ ಸಂಸತ್ತಿನ ಮೂಲಕವೂ ಸಮಾಜವಾದ ಸಾಧ್ಯ ಎಂದಾಗ ಚೀನಾ ಅದನ್ನು ಪರಿಷ್ಕರಣವಾದ, ಅಂದರೆ ಮೂಲ ಸಿದ್ಧಾಂತವನ್ನೇ ತಿದ್ದುವುದು ಎಂದು ಕರೆಯಿತು. ಜಗತ್ತಿನ ಪಕ್ಷಗಳೆಲ್ಲ ಆ ಬಿರುಕಿನ ಉದ್ದಕ್ಕೂ ಒಡೆದವು.

ಇನ್ನೆರಡು ಕವಲುಗಳನ್ನು ಹೆಸರಿಸದೆ ಬಿಡುವಂತಿಲ್ಲ. ಪಾನೆಕುಕ್, ಗೋರ್ಟರ್ ಮೊದಲಾದ ಎಡ ಕಮ್ಯುನಿಸ್ಟರು ಸಂಸತ್ತು, ಹಳೆಯ ಟ್ರೇಡ್ ಯೂನಿಯನ್ನು ಎರಡನ್ನೂ ಬಿಟ್ಟು ಕಾರ್ಖಾನೆಯ ಕೌನ್ಸಿಲುಗಳೇ ಅಧಿಕಾರ ನಡೆಸಬೇಕು ಎಂದರು. 1920ರಲ್ಲಿ ಲೆನಿನ್ ಇದನ್ನು ಬಾಲಗ್ರಹ ಎಂದು ಜರೆದರು. ಇಟಲಿಯ ಗ್ರಾಮ್ಷಿ ಮುಸೊಲಿನಿಯ ಸೆರೆಯಲ್ಲಿ ಕೂತು ಕೇಳಿದ್ದು: ರಷ್ಯಾದಲ್ಲಿ ಆದದ್ದು ಪಶ್ಚಿಮದಲ್ಲಿ ಏಕೆ ಆಗಲಿಲ್ಲ? ಅಲ್ಲಿ ಪ್ರಭುತ್ವದ ಹಿಂದೆ ಶಾಲೆ, ಚರ್ಚು, ಪತ್ರಿಕೆ, ಸಂಘಸಂಸ್ಥೆಗಳ ಗಟ್ಟಿ ಸಾಲು ಇದೆ, ಜನರ ಸಮ್ಮತಿ ಅಲ್ಲಿ ತಯಾರಾಗುತ್ತದೆ. ದಿಢೀರ್ ದಾಳಿಗಿಂತ ಮೊದಲು ಅಲ್ಲಿ ನೆಲೆ ಗಳಿಸುವ ದೀರ್ಘ ಹೋರಾಟ ಬೇಕು. ಅವರ ಇಟಲಿಯ ಕಮ್ಯುನಿಸ್ಟ್ ಪಕ್ಷವೇ ಮುಂದೆ ಇದನ್ನು ಚುನಾವಣಾ ರಾಜಕೀಯಕ್ಕೆ ಸಮರ್ಥನೆಯಾಗಿ ಓದಿ 1976ರಲ್ಲಿ ಶೇ 34ರಷ್ಟು ಮತ ಪಡೆಯಿತು. ಗ್ರಾಮ್ಷಿ ಅಷ್ಟನ್ನೇ ಹೇಳಿದ್ದರೇ ಎಂಬುದು ಅನುಮಾನ.

ಭಾರತದ ಪಕ್ಷಗಳ ಮೂರು ಸಾಲು

ನಮ್ಮ ದೇಶದ ಬಂಡವಾಳಗಾರ ಎಂಥವನು ಎಂಬ ವಾದ 1920ರಲ್ಲೇ, ಕಾಮಿಂಟರ್ನ್‌ನ ಎರಡನೇ ಮಹಾಧಿವೇಶನದಲ್ಲಿ ಎಂ.ಎನ್. ರಾಯ್ ಮತ್ತು ಲೆನಿನ್ ನಡುವೆ ನಡೆದಿತ್ತು. ವಸಾಹತುಗಳ ಬೂರ್ಜ್ವಾ ಪ್ರಜಾಸತ್ತಾತ್ಮಕ ಚಳವಳಿಗಳನ್ನು ಬೆಂಬಲಿಸಬೇಕು ಎಂಬ ಲೆನಿನ್ ಕರಡಿನಲ್ಲಿ ಆ ಪದ ಹೋಗಿ ರಾಷ್ಟ್ರೀಯ ಕ್ರಾಂತಿಕಾರಿ ಎಂಬ ಪದ ಬಂತು. ಪ್ರಶ್ನೆ ಬಗೆಹರಿಯಲಿಲ್ಲ. 1948ರಲ್ಲಿ ರಣದಿವೆ ನೇತೃತ್ವದ ಸಿಪಿಐ ಪ್ರಜಾಸತ್ತಾತ್ಮಕ ಮತ್ತು ಸಮಾಜವಾದಿ ಹಂತಗಳನ್ನು ಹೆಣೆದು ನಗರಗಳ ದಂಗೆಗೆ ಕೈಹಾಕಿತು. 1949ರ ಮಾರ್ಚ್ 9ಕ್ಕೆ ಕರೆಕೊಟ್ಟ ರೈಲ್ವೆ ಮುಷ್ಕರ ಮಕಾಡೆ ಮಲಗಿತು. ಅದೇ ಹೊತ್ತಿಗೆ ತೆಲಂಗಾಣದಲ್ಲಿ ಹೋರಾಡುತ್ತಿದ್ದ ಆಂಧ್ರ ಘಟಕ, ನಮ್ಮದು ಚೀನಾದ ದಾರಿ ಎನ್ನುತ್ತಿತ್ತು. 1951ರಲ್ಲಿ ಎರಡನ್ನೂ ಬಿಟ್ಟು ಹೋರಾಟ ಹಿಂತೆಗೆದುಕೊಳ್ಳಲಾಯಿತು.

1964ರ ಏಪ್ರಿಲ್‌ನಲ್ಲಿ ಸಿಪಿಐ ರಾಷ್ಟ್ರೀಯ ಮಂಡಳಿಯಿಂದ 32 ಮಂದಿ ಎದ್ದು ಹೊರನಡೆದರು, ಸಿಪಿಎಂ ಹುಟ್ಟಿತು. ಚೀನಾ ಯುದ್ಧ ಕಾರಣ ಎಂದು ಎಲ್ಲರೂ ಹೇಳುತ್ತಾರೆ, ಅದೂ ನಿಜವೇ. ಆದರೆ ಆ ವರ್ಷದ ಎರಡು ಕಾರ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟು ಪ್ರಭುತ್ವದ ಸಾಲು ಓದಬೇಕು. ಸಿಪಿಐ: ಭಾರತದ ಪ್ರಭುತ್ವ ಒಟ್ಟಾರೆ ರಾಷ್ಟ್ರೀಯ ಬಂಡವಾಳಗಾರ ವರ್ಗದ್ದು, ಅದರಲ್ಲಿ ದೊಡ್ಡ ಬಂಡವಾಳಗಾರರ ಪ್ರಭಾವ ಬಲವಾಗಿದೆ. ಸಿಪಿಎಂ: ಅದು ಬಂಡವಾಳಗಾರರು ಮತ್ತು ಜಮೀನ್ದಾರರದ್ದು, ಅದಕ್ಕೆ ಮುಂದಾಳು ದೊಡ್ಡ ಬಂಡವಾಳಗಾರರು, ಅವರು ವಿದೇಶಿ ಹಣಕಾಸು ಬಂಡವಾಳದ ಜೊತೆ ಹೆಚ್ಚೆಚ್ಚು ಕೈಜೋಡಿಸುತ್ತಿದ್ದಾರೆ. ಮೊದಲನೆಯದರಿಂದ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಕ್ರಾಂತಿ ಹುಟ್ಟುತ್ತದೆ: ಕಾಂಗ್ರೆಸ್ಸಿನ ಪ್ರಗತಿಪರರ ಜೊತೆ ಸೇರಬಹುದು, ಕಾರ್ಮಿಕ ವರ್ಗದ ಏಕೈಕ ನಾಯಕತ್ವ ಸದ್ಯಕ್ಕೆ ಬೇಕಿಲ್ಲ. ಎರಡನೆಯದರಿಂದ ಜನತಾ ಪ್ರಜಾಸತ್ತಾತ್ಮಕ ಕ್ರಾಂತಿ: ಕಾರ್ಮಿಕ ವರ್ಗದ ನಾಯಕತ್ವ ಕಡ್ಡಾಯ. ಕೇರಳದಲ್ಲಿ ಸಿಪಿಐನ ಅಚ್ಯುತ ಮೆನನ್ ಕಾಂಗ್ರೆಸ್ ಜೊತೆಗೂಡಿ ಆಳಿದ್ದು, ಆ ಪಕ್ಷ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿದ್ದು ಈ ಒಂದು ಸಾಲಿಗೆ ವಿರುದ್ಧವೇನಲ್ಲ, ಅದರ ಫಲ.

ಮೂರನೇ ಸಾಲು 1967ರ ನಕ್ಸಲ್‌ಬಾರಿಯ ರೈತ ದಂಗೆಯ ನಂತರದ್ದು. 1969ರ ಏಪ್ರಿಲ್ 22ರಂದು ಹುಟ್ಟಿದ ಸಿಪಿಐ (ಎಂಎಲ್) ಪ್ರಕಾರ ಭಾರತ ಅರೆ ವಸಾಹತು, ಅರೆ ಊಳಿಗಮಾನ್ಯ ದೇಶ. ಇಲ್ಲಿನ ದೊಡ್ಡ ಬಂಡವಾಳಗಾರರು ಸ್ವತಂತ್ರರೇ ಅಲ್ಲ, ದಲ್ಲಾಳಿಗಳು. ಇದನ್ನು ಒಪ್ಪಿದರೆ ಸಂಸತ್ತು ಬರೀ ವೇಷ, ಉಳಿಯುವುದು ಮಾವೋ ದಾರಿ. ಆ ಪಕ್ಷದ ನಾಯಕ ಚಾರು ಮಜುಂದಾರ್ ಸಾಮೂಹಿಕ ಸಂಘಟನೆಗಳನ್ನೂ ಬಿಟ್ಟು ವರ್ಗಶತ್ರುಗಳ ವ್ಯಕ್ತಿಗತ ಹತ್ಯೆಯನ್ನೇ ದಾರಿ ಮಾಡಿದರು. ಸುತ್ತ ಜನರ ಸಂಘಟನೆ ಇಲ್ಲದ ಮೇಲೆ ಪೊಲೀಸರಿಗೆ ಕೆಲಸ ಸುಲಭವಾಯಿತು. 1972ರಲ್ಲಿ ಅವರು ಬಂಧನದಲ್ಲಿ ಸಾಯುವ ಹೊತ್ತಿಗೆ ಪಕ್ಷ ಚೂರಾಗಿತ್ತು. ಲಿಬರೇಶನ್ ಬಣ ಮುಂದೆ ಬಹಿರಂಗ ರಾಜಕೀಯಕ್ಕೆ, ಚುನಾವಣೆಗೆ ಬಂತು. ಬಂದೂಕು ಬಿಡದ ಪೀಪಲ್ಸ್ ವಾರ್ ಮತ್ತು ಎಂಸಿಸಿಐ ಎಂಬ ಎರಡು ಗುಂಪುಗಳು 2004ರ ಸೆಪ್ಟೆಂಬರ್ 21ರಂದು ಸೇರಿ ಸಿಪಿಐ (ಮಾವೋವಾದಿ) ಆಯಿತು.

ಕರ್ನಾಟಕದ ಮಲೆನಾಡಿನಲ್ಲಿ ನಕ್ಸಲರು ನೆಲೆ ಕಟ್ಟಲು ಮಾಡಿದ ಪ್ರಯತ್ನ ಮಾವೋ ಬರೆದ 1928ರ ಷರತ್ತುಗಳಲ್ಲಿ ಎಡವಿತು ಎಂದೇ ಹೇಳಬೇಕು. ಅಡಿಕೆ, ಕಾಫಿಯ ಸೀಮೆ ಮಾರುಕಟ್ಟೆಯಿಂದ ದೂರವಿರುವ ಸ್ವಾವಲಂಬಿ ಹಳ್ಳಿಗಳ ಸೀಮೆಯಲ್ಲ; ಅದರ ಬೆಲೆ ದಿನವೂ ಹೊರಗಿನ ಮಂಡಿಯಲ್ಲಿ ತೀರ್ಮಾನವಾಗುತ್ತದೆ. ಕಾಡು ದಟ್ಟವಾದರೂ ಪಟ್ಟಿ ಕಿರಿದು, ಒಂದು ಕಡೆ ಕರಾವಳಿ, ಇನ್ನೊಂದು ಕಡೆ ಬಯಲುಸೀಮೆ. ಆಳುವವರಲ್ಲಿ ಯುದ್ಧಪ್ರಭುಗಳ ಒಡಕಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಸಿಟ್ಟು ನಿಜವಾಗಿತ್ತು, ಆದರೆ ಅದೊಂದರಿಂದಲೇ ನೆಲೆ ಕಟ್ಟಲಾಗಲಿಲ್ಲ. 2005ರ ಫೆಬ್ರವರಿಯಲ್ಲಿ ಅವರ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸ್ ಗುಂಡಿಗೆ ಬಲಿಯಾದರು. 2025ರ ಜನವರಿಯಲ್ಲಿ ಉಳಿದಿದ್ದವರಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು.

ಕಾರ್ಯಕ್ರಮದ ಸಾಲುಗಳು ಬರೀ ಪುಸ್ತಕದ ಬದನೆಕಾಯಿ ಎನ್ನುವವರು 1996ನ್ನು ನೋಡಬೇಕು. ಆ ಮೇ ತಿಂಗಳಲ್ಲಿ ಹಲವು ಪಕ್ಷಗಳ ಕೂಟವಾದ ಸಂಯುಕ್ತ ರಂಗ ಸಿಪಿಎಂನ ಜ್ಯೋತಿ ಬಸು ಅವರನ್ನು ಪ್ರಧಾನಿಯಾಗಲು ಕೇಳಿತು. ಸಿಪಿಎಂನ 1964ರ ಕಾರ್ಯಕ್ರಮದ 112ನೇ ಕಲಂ ಜನರಿಗೆ ತಾತ್ಕಾಲಿಕ ಪರಿಹಾರ ಕೊಡುವ ಸರ್ಕಾರಗಳನ್ನು ಒಪ್ಪುತ್ತಿತ್ತು. ಆದರೆ ಅದು ಬರೆದದ್ದು ರಾಜ್ಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕೇಂದ್ರದಲ್ಲಿ, ನೀತಿಯನ್ನು ತೀರ್ಮಾನಿಸುವಷ್ಟು ಬಲವಿಲ್ಲದೆ ಬೂರ್ಜ್ವಾ ಸರ್ಕಾರದ ಹೊಣೆ ಹೊರುವುದು ಬೇಡ ಎಂದು ಕೇಂದ್ರ ಸಮಿತಿಯ ಬಹುಮತ ತೀರ್ಮಾನಿಸಿತು. ಹೀಗೆ ಖಾಲಿಯಾದ ಕುರ್ಚಿಯಲ್ಲಿ ಜೂನ್ 1ರಂದು ಎಚ್.ಡಿ. ದೇವೇಗೌಡರು ಕೂತರು. ರಾಷ್ಟ್ರೀಯ ಪ್ರಜಾಸತ್ತೆಯ ಸಿಪಿಐಗೆ ಅಂಥ ಅಡ್ಡಿಯಿರಲಿಲ್ಲ: ಅದರ ಇಂದ್ರಜಿತ್ ಗುಪ್ತಾ ಗೌಡರ ಸಂಪುಟದಲ್ಲಿ ಗೃಹ ಸಚಿವರಾದರು. ಬಸು ಆಮೇಲೆ ಇದನ್ನು ಐತಿಹಾಸಿಕ ಪ್ರಮಾದ ಎಂದರು. 2000ದಲ್ಲಿ ಪರಿಷ್ಕರಿಸಿದ ಕಾರ್ಯಕ್ರಮದಲ್ಲಿ ಅದೇ ಕಲಂಗೆ ಕೇಂದ್ರ ಎಂಬ ಪದ ಸೇರಿತು. 2004ರಲ್ಲಿ 43 ಸಂಸದರಿದ್ದರೂ ಸಿಪಿಎಂ ಸರ್ಕಾರದ ಹೊರಗೇ ಕೂತಿತು.